ಮಸುಕು ಗೆರೆಗಳ ಶಿಲುಬೆ

ಶುಭ ಶುಕ್ರವಾರದಂದು ನಾವು ಮುತ್ತಿಡುವ ಶಿಲುಬೆ ಸಾಮಾನ್ಯವಾಗಿ ನುಣುಪಾದುದು. ಮೈಕೆಲಾಂಜೆಲೊ ತಮ್ಮ ಇಳಿವಯಸ್ಸಿನಲ್ಲಿ ಕಾಗದದ ಮೇಲೆ ಬರೆದ ಶಿಲುಬೆಗಳು ಹಾಗಿಲ್ಲ. ಅಂಥದೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಬಳಸಿದ್ದು ಕಪ್ಪು ಚಾಕ್, ಅಂದರೆ ನೆಲದಿಂದ ಅಗೆದ ಮೆತ್ತನೆಯ ಕಲ್ಲು. ಶಾಯಿಯ ಗೆರೆ ಎಳೆದರೆ ಮುಗಿಯಿತು. ಈ ಕಲ್ಲಿನ ಗೆರೆಯಾದರೋ ಒತ್ತಿದರೆ ಗಾಢವಾಗುತ್ತದೆ, ಸವರಿದರೆ ಹೊಗೆಯಂತೆ ಹರಡುತ್ತದೆ. ಸುಮಾರು 1540ರಲ್ಲಿ ಗೆಳತಿ ವಿತ್ತೋರಿಯಾ ಕೊಲೊನ್ನಾರಿಗಾಗಿ ಇದೇ ಚಾಕಿನಿಂದ ಅವರು ಬರೆದುಕೊಟ್ಟ ಶಿಲುಬೆಯ ಯೇಸುಸ್ವಾಮಿಯ ಮೈ ಅಮೃತಶಿಲೆಯಷ್ಟು ನಯ. ಎಂಬತ್ತರ ಆಸುಪಾಸಿನ ಚಿತ್ರದಲ್ಲಿ ಮೈಯಂಚಿಗೆ ಒಂದರ ಮೇಲೊಂದು ಗೆರೆ. ಕೆಲವನ್ನು ಸೀಸದ ಬಿಳಿ ಬಣ್ಣದಿಂದ ಮುಚ್ಚಿ ಮತ್ತೆ ಎಳೆದಿದ್ದಾರೆ. ಹಳೆಯ ಗೆರೆ ಇಣುಕುತ್ತಲೇ ಇದೆ. ಶಿಲುಬೆಯ ಒಂದು ಬದಿಗೆ ಸಂತ ಯೊವಾನ್ನರು, ಇನ್ನೊಂದು ಬದಿಗೆ ಮಾತೆ ಮರಿಯಮ್ಮನವರು. ಆ ತಾಯಿ ಮಗನ ಮೈಗೆ ಕೆನ್ನೆಯೊತ್ತಿ ನಿಂತಿದ್ದಾರೆ. ಗೆರೆ ಮಸುಕಾದಲ್ಲಿ ಇಬ್ಬರೂ ಒಂದೇ ನೆರಳಾಗಿ ಕಾಣುತ್ತಾರೆ.

ಮುದಿಕೈ ನಡುಗಿತು ಎನ್ನುವವರುಂಟು. ಇರಬಹುದು. ಆದರೆ ಕೈನಡುಕ ಗೆರೆಯನ್ನು ಕೆಡಿಸೀತೇ ಹೊರತು ಅದೇ ದೇಹದ ಬಳಿಗೆ ಮತ್ತೆ ಮತ್ತೆ ಕರೆತರಲಾರದು. ಜಪಸರದ ಮಣಿ ಎಣಿಸುವ ಬೆರಳುಗಳೇ ನಮಗಿಲ್ಲಿ ಕಾಣುತ್ತವೆ. 1564ರಲ್ಲಿ, 88ನೆಯ ವಯಸ್ಸಿನಲ್ಲಿ, ಆ ಬೆರಳುಗಳು ನಿಂತವು.