ಖಾಲಿಯಲ್ಲ, ಆ ಕಡಲ ತೀರ!

‘ಜನರೇ ಇಲ್ಲದ ಬೀಚು ಬೇಕು ಕಣಯ್ಯಾ. ಹೀರೋ-ಹೀರೋಯಿನ್ ಬಿಟ್ಟರೆ ಫ್ರೇಮಿನಲ್ಲಿ ಒಂದು ಕಾಗೆಯೂ ಕಾಣಬಾರದು!’ ಎಂದರು ನಿರ್ದೇಶಕರು. ಜಾಗ ನೋಡಿ ಫೋಟೋ ತರುವ ಕೆಲಸ ನನ್ನ ತಲೆಗೆ ಬಿತ್ತು. ಎಲ್ಲಿಗೆ ಅಂತೀರಾ? ಆಫ್ರಿಕಾದ ಜಾಂಜಿಬಾರ್ ದ್ವೀಪಕ್ಕೆ!

ದಾರ್-ಎಸ್-ಸಲಾಮ್‌ನಿಂದ ಹಡಗಿನಲ್ಲಿ ಸುಮಾರು ಎರಡು ತಾಸು. ಇಳಿದರೆ ಸ್ಟೋನ್ ಟೌನ್. 1946ರಲ್ಲಿ ಗಾಯಕ ಫ್ರೆಡ್ಡಿ ಮರ್ಕ್ಯುರಿ ಹುಟ್ಟಿದ್ದು ಇಲ್ಲೇ. ಅಲ್ಲೊಂದು ಹಳೇ ಟಾಕೀಸು, ಹೆಸರು ‘ಮೆಜೆಸ್ಟಿಕ್’! ಬೆಂಗಳೂರಿನವನಾದ ನನಗೆ ಅರ್ಧ ದಣಿವು ಅಲ್ಲೇ ಇಳಿಯಿತು.

ಪೂರ್ವ ಕರಾವಳಿಯ ಜಂಬಿಯಾನಿ ಹಳ್ಳಿಯಾಚೆ ನನ್ನ ಲಾಡ್ಜು. ತೆಂಗಿನ ಗರಿ ಹೊದಿಸಿದ ನಾಲ್ಕೇ ನಾಲ್ಕು ಗುಡಿಸಲು. ಏನು ಕೇಳಿದರೂ ಹುಡುಗ ‘ಪೋಲೆ ಪೋಲೆ’ ಅಂತಾನೆ. ಸ್ವಾಹಿಲಿಯಲ್ಲಿ ‘ನಿಧಾನ, ನಿಧಾನ’ ಅಂತ. ಚಹಾ ಕೂಡ ಪೋಲೆ ಪೋಲೆ!

ಮಾರನೇ ಬೆಳಿಗ್ಗೆ ನೋಡಿದರೆ ಕಡಲೇ ಮಾಯ! ನೀರು ದೂರದ ಹವಳದ ದಿಬ್ಬದ ತನಕ ಸರಿದಿತ್ತು. ಹುಣ್ಣಿಮೆಯ ಮರುದಿನ ಇಳಿತವೂ ದೊಡ್ಡದು, ಉಬ್ಬರವೂ ದೊಡ್ಡದು. ಅದು ಗೊತ್ತಿಲ್ಲದ ನಾನು ಕ್ಯಾಮೆರಾ ಹಿಡಿದು ನಡೆದೇ ನಡೆದೆ. ಫೋಟೋ ಗುಂಗಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಪಾದಕ್ಕಿದ್ದ ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ... ನನಗೆ ಈಜು ಬಾರದು ಸ್ವಾಮೀ!

‘ಹರಾಕಾ! ಹರಾಕಾ!’ ಬೇಗ, ಬೇಗ ಎಂದು ಯಾರೋ ಕೂಗಿದರು. ತಲೆ ಮೇಲೆ ಕಡಲಪಾಚಿಯ ಮೂಟೆ ಹೊತ್ತ ಹೆಂಗಸು, ನನ್ನ ತಾಯಿಯ ವಯಸ್ಸು. ಮೂಟೆ ಅಲ್ಲೇ ಬಿಸಾಕಿ, ನನ್ನ ರಟ್ಟೆ ಹಿಡಿದು, ನೀರು ಕಡಿಮೆ ಇದ್ದ ಕಡೆಯಿಂದ ದಡಕ್ಕೆ ಎಳೆದು ತಂದರು. ಆಕೆಯ ಮೂಟೆ? ಕಡಲ ಪಾಲು!

ಲಾಡ್ಜಿನ ಹುಡುಗ ಆಮೇಲೆ ಬಿಡಿಸಿ ಹೇಳಿದ. ನಾನು ನಡೆದದ್ದು ಖಾಲಿ ಮರಳಲ್ಲ, ಹೊಲ! ಗೂಟ ನೆಟ್ಟು, ಹಗ್ಗ ಕಟ್ಟಿ ಪಾಚಿ ಬೆಳೆಯುತ್ತಾರೆ. 1980ರ ದಶಕದ ಕೊನೆಗೆ ಬಂದ ಕಸುಬು, ಮಾಡುವವರು ಹೆಚ್ಚಾಗಿ ಹೆಂಗಸರೇ. ನಾವು ಹಲ್ಲುಜ್ಜುವ ಪೇಸ್ಟಿಗೆ, ತಿನ್ನುವ ಐಸ್‌ಕ್ರೀಮಿಗೆ ಇಂಥ ಪಾಚಿಯಿಂದ ತೆಗೆದ ಅಂಟು ಹಾಕುತ್ತಾರೆ. ಈಗ ಕಡಲ ನೀರು ಬಿಸಿಯಾಗಿ, ಒಳ್ಳೆ ಬೆಲೆ ಸಿಗುವ ತಳಿಯೇ ಸಾಯುತ್ತಿದೆಯಂತೆ.

ಸಂಜೆ ಆಕೆಯ ಮನೆಗೆ ಹೋಗಿ ದುಡ್ಡು ಕೊಟ್ಟೆ. ತೆಗೆದುಕೊಂಡರು, ಎಣಿಸಿದರು, ಮೂಟೆಯ ಬೆಲೆ ಇಟ್ಟುಕೊಂಡು ಉಳಿದದ್ದು ವಾಪಸು ಕೊಟ್ಟರು!

ಬೆಂಗಳೂರಿಗೆ ಬಂದೊಡನೆ ನಿರ್ದೇಶಕರ ಪ್ರಶ್ನೆ: ‘ಹೇಗಿದೆಯಯ್ಯಾ ಬೀಚು? ಜನ ಇಲ್ಲ ತಾನೇ?’

‘ಇದ್ದಾರೆ ಸಾರ್. ಅವರಿದ್ದದ್ದಕ್ಕೇ ನಾನಿದ್ದೇನೆ’ ಎಂದೆ.