ಮೊಡವೆಗೆ ಕ್ರೀಮ್ ಹಚ್ಚೋ ಮೊದಲು ಟ್ಯೂಬ್ ಮೇಲೆ ಓದಿ

ಚೆನ್ನೈಗೆ ಬಂದ ಮೇಲೆ ಮುಖದಲ್ಲಿ ಮೊಡವೆ, ಕೆಂಪು ಜಾಸ್ತಿ ಆಯ್ತು ಅಂತ ಓಎಂಆರ್ ಕಡೆ ಕೆಲಸ ಮಾಡೋ ನಮ್ಮವರು ಹೇಳ್ತಿರ್ತಾರೆ. ಇಲ್ಲಿ ಸೆಕೆ, ಬೆವರು ಇದ್ದದ್ದೇ. ಇವತ್ತಿನ ವಿಷಯ, ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರೋ ಕ್ರೀಮ್.

ಎರಡೇ ದಿನದಲ್ಲಿ ಕೆಂಪು ಮಾಯ ಆಯ್ತಾ? ಟ್ಯೂಬ್ ಮೇಲೆ ಓದಿ. ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ರೆ ಅದು ಸ್ಟೀರಾಯ್ಡ್. ಅದು ರಕ್ತನಾಳಗಳನ್ನು ಕುಗ್ಗಿಸುತ್ತೆ, ಅದಕ್ಕೇ ಕೆಂಪು ಕಾಣಲ್ಲ. ವಾರಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗುತ್ತೆ. ಬಿಟ್ಟರೆ ಕೆಂಪು, ಉರಿ, ಮೊಡವೆ ಮೊದಲಿಗಿಂತ ಜೋರಾಗಿ ಬರಬಹುದು. ಆಗ ಮತ್ತೆ ಅದನ್ನೇ ಹಚ್ತೀವಿ. ಬಗ್ ಹಾಗೇ ಬಿಟ್ಟು ಎರರ್ ಮೆಸೇಜ್ ಮಾತ್ರ ಮುಚ್ಚಿದ ಹಾಗೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ; ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ.

ಈಗಾಗಲೇ ತಿಂಗಳಿಂದ ಹಚ್ತಿದ್ರೆ ತಾವೇ ಒಮ್ಮೆಲೇ ನಿಲ್ಲಿಸಬೇಡಿ. ಚರ್ಮದ ಡಾಕ್ಟರ್‌ಗೆ ಆ ಟ್ಯೂಬ್ ತೋರಿಸಿ.

ಮೊಡವೆಗೆ ಸಾಮಾನ್ಯವಾಗಿ ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿಗೆ ಅಡಾಪಲೀನ್ ಬರೆದುಕೊಡ್ತಾರೆ. ಮೊದಲು ಸ್ವಲ್ಪ ಒಣಗಿ, ಸಿಪ್ಪೆ ಏಳಬಹುದು; ಫಲ ಕಾಣೋಕೆ 8ರಿಂದ 12 ವಾರ ಬೇಕು. ಗರ್ಭಿಣಿಯರು ಅಡಾಪಲೀನ್ ಹಚ್ಚಬಾರದು. ಮೊಡವೆ ಇಲ್ಲದೆ ಬರೀ ಕೆಂಪು ಇದ್ರೆ ರೊಸೇಶಿಯಾ ಇರಬಹುದು, ಅದರ ಔಷಧಿ ಬೇರೆ.

ದಿನದ ಅಭ್ಯಾಸ ಇಷ್ಟೇ: ಎರಡು ಹೊತ್ತು ಮೈಲ್ಡ್ ಫೇಸ್‌ವಾಶ್, ಎಣ್ಣೆಯಿಲ್ಲದ ಮಾಯಿಶ್ಚರೈಸರ್, ಹೊರಗೆ ಹೋಗುವಾಗ ಎಸ್‌ಪಿಎಫ್ 30 ಸನ್‌ಸ್ಕ್ರೀನ್. ಮೊಡವೆ ಚಿವುಟಬೇಡಿ. ಇವತ್ತೇ ನಿಮ್ಮ ಟ್ಯೂಬ್ ನೋಡಿ, ರೂಮ್‌ಮೇಟ್‌ದೂ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.