ರಾಜಧಾನಿಯ ರಂಗಭೂಮಿ ಮತ್ತು ಗುಬ್ಬಿ ಸೀಮೆಯ ಕೊಡುಗೆ

ಬೆಂಗಳೂರಿನ ಆಧುನಿಕ ರಂಗಭೂಮಿಯ ಚರಿತ್ರೆಯನ್ನು ನಿರೂಪಿಸುವಾಗ 1909ರಲ್ಲಿ ಸ್ಥಾಪನೆಯಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಕೈಲಾಸಂ ನಾಟಕಗಳು, 1963ರಲ್ಲಿ ಆರಂಭಗೊಂಡ ರವೀಂದ್ರ ಕಲಾಕ್ಷೇತ್ರ ಎಂಬ ಕ್ರಮವನ್ನು ಅನುಸರಿಸುವುದು ವಾಡಿಕೆ. ಇದರಲ್ಲಿ ವೃತ್ತಿರಂಗಭೂಮಿಯು ಹವ್ಯಾಸಿಗಳು ದಾಟಿ ಬಂದ ಒಂದು ಹಳೆಯ ಘಟ್ಟವಾಗಿ ಮಾತ್ರ ಉಳಿಯುತ್ತದೆ. ಈ ಗ್ರಹಿಕೆ ಎಷ್ಟರಮಟ್ಟಿಗೆ ಸಮಂಜಸ ಎಂಬುದು ವಿಚಾರಾರ್ಹ.

ಪಾಳೆಯಗಾರರ ರಾಜಧಾನಿಯಾಗಿದ್ದ ಹಾಗಲವಾಡಿ ಇಂದು ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ. ಅದೇ ತಾಲ್ಲೂಕಿನ ಕೇಂದ್ರವಾದ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಜನ್ಮತಾಳಿತು. ಬಾಲನಟರಾಗಿ ಸಂಘವನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಅರಮನೆಯ ಆಶ್ರಯಕ್ಕಿಂತ ಹೆಚ್ಚಾಗಿ ಟಿಕೆಟ್ ಕೊಂಡು ಬರುವ ಪ್ರೇಕ್ಷಕರನ್ನೇ ನೆಚ್ಚಿದ ಕಂಪನಿಗೆ ಊರಿಂದೂರಿಗೆ ಮೊಕ್ಕಾಂ ಬದಲಿಸುವುದು ಅನಿವಾರ್ಯವಾಗಿತ್ತು. ಬೆಂಗಳೂರಿನಂತಹ ನಗರಗಳ ಪ್ರೇಕ್ಷಕರನ್ನು ಹಿಡಿದಿಡುವ ಅಗತ್ಯವೇ ರಂಗಸಜ್ಜಿಕೆಯ ವೈಭವಕ್ಕೆ ಒಂದು ಕಾರಣವಾಯಿತು. 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳು ರಂಗಕ್ಕೆ ಬಂದುದು ಇದಕ್ಕೆ ನಿದರ್ಶನ.

ಆದರೆ ಕಂಪನಿಯ ಮಹತ್ವ ವೈಭವದಲ್ಲಷ್ಟೇ ಇಲ್ಲ. ನಟರು, ವಾದ್ಯಗಾರರು, ಪರದೆ ಬರೆಯುವವರು, ಅಡುಗೆಯವರು ಒಂದೇ ಬಿಡಾರದಲ್ಲಿ ಬಾಳುತ್ತಿದ್ದ ಈ ವ್ಯವಸ್ಥೆ ಪಠ್ಯಕ್ರಮವಿಲ್ಲದ ಶಾಲೆಯಾಗಿತ್ತು. ಬಿ. ಜಯಮ್ಮನವರಂತಹ ನಟಿಯರಿಗೆ ಅದು ಮನ್ನಣೆ ತಂದಿತು. ರಾಜ್‌ಕುಮಾರ್, ಜಿ.ವಿ. ಅಯ್ಯರ್ ಈ ಶಾಲೆಯಿಂದಲೇ ಚಿತ್ರರಂಗಕ್ಕೆ ಬಂದವರು. ಬಾಲ್ಯದಲ್ಲಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ವೀರಣ್ಣನವರ ನೆರವಿನಿಂದ ಕಾಶಿಗೆ ತೆರಳಿ ಉನ್ನತ ವ್ಯಾಸಂಗ ಮಾಡಿದರು. ಅವರು 1970ರ ದಶಕದಲ್ಲಿ ರಾಜಧಾನಿಯಲ್ಲಿ ನಿರ್ದೇಶಿಸಿದ ‘ಜೋಕುಮಾರಸ್ವಾಮಿ’ಯಂತಹ ನಾಟಕಗಳು ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದವು. ಆ ಪ್ರಯೋಗಗಳಲ್ಲಿ ಸಂಗೀತಕ್ಕೆ ದೊರೆತ ಪ್ರಾಧಾನ್ಯದ ಹಿಂದೆ ಕಂಪನಿಯ ಸಂಸ್ಕಾರವಿದೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದ್ದು ಈ ಸಂಬಂಧದ ಇನ್ನೊಂದು ಕೊಂಡಿ.

ಹೀಗೆ ನೋಡಿದಾಗ, ವೃತ್ತಿ ಮತ್ತು ಹವ್ಯಾಸಿ ಎಂಬ ವಿಭಜನೆ ವಿಮರ್ಶೆಯ ಅನುಕೂಲಕ್ಕೆ ಮಾಡಿಕೊಂಡದ್ದೇ ಹೊರತು ರಂಗಚರಿತ್ರೆಯ ವಾಸ್ತವವಲ್ಲ. ಸಿನಿಮಾದ ಪೈಪೋಟಿಯಿಂದ ಕಂಪನಿಗಳು ಕುಸಿದಾಗ ರಾಜಧಾನಿಯು ಕೇವಲ ಒಂದು ಬಗೆಯ ಮನರಂಜನೆಯನ್ನು ಕಳೆದುಕೊಳ್ಳಲಿಲ್ಲ. ನಟನೆ, ಗಾಯನ, ರಂಗಸಜ್ಜಿಕೆಗಳನ್ನು ಬಾಲ್ಯದಿಂದಲೇ ಕಲಿಸಿ, ಅವುಗಳಿಂದಲೇ ಜೀವನೋಪಾಯ ಒದಗಿಸುತ್ತಿದ್ದ ವ್ಯವಸ್ಥೆಯನ್ನೂ ಕಳೆದುಕೊಂಡಿತು. ಆ ಸ್ಥಾನವನ್ನು ಬರಿಯ ರಂಗಮಂದಿರಗಳು ತುಂಬಲಾರವು. ಆದ್ದರಿಂದ ರಾಜಧಾನಿಯ ರಂಗಚರಿತ್ರೆಯನ್ನು ಗುಬ್ಬಿಯಿಂದಲೂ ಆರಂಭಿಸಿ ಬರೆಯಬೇಕಾದುದು ಅಗತ್ಯ.